ಮಾರ್ಚ್ ಇಪ್ಪತ್ನಾಲ್ಕು, ಬೆಳಗ್ಗೆ ಎಂಟು

ಹೋಮ್‌ವಿಕ್, ನಾರ್ಫೋಕ್
ಜನವರಿ 20, ರಾಣಿ ಎಲಿಜಬೆತ್ ಆಳ್ವಿಕೆಯ ನಲವತ್ತೈದನೆಯ ವರ್ಷ

ಪ್ರೀತಿಯ ತಮ್ಮ ಜರ್ವಿಸ್‌ಗೆ,

ನಿಂತಿದ್ದರೆ ಕುಳಿತುಕೊಂಡು ಓದು. ನಿನಗೆ ಕ್ಷಮೆ ಸಿಕ್ಕಿದೆ. ಎರಡು ವರ್ಷದ ಹಿಂದೆ ರಾಣಿಯ ವಿರುದ್ಧ ದಂಗೆಯೆದ್ದ ಆ ಪ್ರಭುವಿನ ಹಿಂದೆ ಹೋಗಿ ಲಂಡನ್ ಬೀದಿಯಲ್ಲಿ ಕತ್ತಿ ಝಳಪಿಸಿ ಸಮುದ್ರ ದಾಟಿದ ಹುಡುಗಾಟದವರಿಗೆಲ್ಲ ಮಂತ್ರಿಮಂಡಲಿಯಿಂದ ಒಂದು ಕಾಗದ ಬಂದಿದೆ. ಇಷ್ಟು ಬೇಗ ಕರಗುತ್ತಾರೆಂದು ನಾನೂ ಅಂದುಕೊಂಡಿರಲಿಲ್ಲ.

ಷರತ್ತು ಒಂದೇ, ಆದರೆ ಅದು ಕತ್ತಿಯ ಅಲಗು. ಮೇರಿ ಮಾತೆಯ ಹಬ್ಬದ ದಿನ, ಅಂದರೆ ಮಾರ್ಚ್ ಇಪ್ಪತ್ತೈದರಂದು, ಇಲ್ಲವೇ ಅದರ ನಂತರ ಇಂಗ್ಲೆಂಡಿನ ದಡಕ್ಕೆ ಇಳಿದು ನ್ಯಾಯಾಧಿಕಾರಿಗೆ ಶರಣಾದವನ ಜೀವ ಉಳಿಯುತ್ತದೆ. ಅದಕ್ಕೆ ಒಂದು ದಿನ ಮೊದಲು ದಡದಲ್ಲಿ ಸಿಕ್ಕಿದರೂ ಹಗ್ಗ. ಕ್ಷಮೆ ಜಾರಿಗೆ ಬರುವುದೇ ಆ ಹಬ್ಬದ ದಿನದಿಂದ. ನಮ್ಮ ಕಡೆಗೆ ನ್ಯಾಯಾಧಿಕಾರಿ ಸರ್ ಹಂಫ್ರಿ ಕಲ್ಲಾರ್ಡ್. ಒಳ್ಳೆಯವನು, ಆದರೆ ಅಕ್ಷರ ಬಿಟ್ಟು ಆಚೀಚೆ ಹೋಗುವವನಲ್ಲ.

ಹೊರಡುವ ಗಳಿಗೆಯನ್ನು ನಾನೇ ಆರಿಸಿ ಕಳಿಸುತ್ತೇನೆ. ನಗಬೇಡ. ಪಾದ್ರಿ ಎಲ್ಡ್ರೆಡ್ ನಗುವುದು ಸಾಕು. ನಕ್ಷತ್ರ ನೋಡುವವರೆಲ್ಲ ಸೈತಾನನ ಗುಮಾಸ್ತರು ಎಂದು ಆತ ಪುಸ್ತಕವನ್ನೇ ಅಚ್ಚು ಹಾಕಿಸಿದ್ದಾನೆ. ಅದಕ್ಕೆ ಐದು ನೂರು ಪುಟದ ಉತ್ತರ ನನ್ನ ಮೇಜಿನ ಮೇಲಿದೆ. ಜ್ಯೋತಿಷ್ಯದ ಪರವಾಗಿ ಈ ದೇಶದಲ್ಲಿ ಯಾರೂ ಇಷ್ಟು ಗಟ್ಟಿಯಾಗಿ ವಾದಿಸಿಲ್ಲ. ಬೇಸಿಗೆಯ ಹೊತ್ತಿಗೆ ಅಚ್ಚಿಗೆ ಹೋಗುತ್ತದೆ.

ನಿನ್ನ ಅತ್ತಿಗೆ ಉರ್ಸುಲಾ ಭುಜದ ಮೇಲಿಂದ ಇಣುಕಿ ಓದುತ್ತಿದ್ದಾಳೆ. "ನಿಮ್ ತಮ್ಮ ಏನ್ ತಿಂತಾನೆ, ಎಲ್ಲಿ ಮಲಗ್ತಾನೆ ಅಂತ ಮೊದ್ಲು ಕೇಳ್ರೀ. ಆಕಾಶ ಎಲ್ಲೂ ಓಡಿಹೋಗಲ್ಲ" ಎನ್ನುತ್ತಾಳೆ. ಸರಿ, ಕೇಳಿದ್ದೇನೆ. ಬರೆ.

ನಿನ್ನ ಅಣ್ಣ,
ಲ್ಯಾಂಬರ್ಟ್ ಥರ್ಸ್‌ಬಿ


ಮಿಡೆಲ್‌ಬರ್ಗ್, ಝೀಲ್ಯಾಂಡ್
ಫೆಬ್ರವರಿ 20

ಅಣ್ಣನವರಿಗೆ ನಮಸ್ಕಾರಗಳು.

ನಾವಿಕ ಸ್ಪೂನರ್ ನಿಮ್ಮ ಪತ್ರವನ್ನು ನಿನ್ನೆಯಷ್ಟೇ ತಂದುಕೊಟ್ಟ. ಎದುರುಗಾಳಿಯಂತೆ, ಮೂರು ವಾರ ಬಂದರಿನಲ್ಲೇ ಸಿಕ್ಕಿಕೊಂಡಿದ್ದನಂತೆ. ಓದಿದೆ. ಎದ್ದು ಹೋಗಿ ಕಾಲುವೆಯ ದಂಡೆಯಲ್ಲಿ ನಿಂತು ಬಂದು ಮತ್ತೆ ಓದಿದೆ. ಅಪ್ಪ ಸತ್ತಾಗ ನನಗೆ ಏಳು ವರ್ಷ. ಅಂದಿನಿಂದ ನೀವು ಹೇಳಿದ ಕಡೆ ನಡೆದವನು ಆ ದಂಗೆಯ ದಿನ ಒಂದೇ ಒಂದು ಸಲ ನಿಮ್ಮ ಮಾತು ಮೀರಿದ್ದೆ. ಇನ್ನು ಮೀರುವುದಿಲ್ಲ.

ಊಟಕ್ಕೆ ಕೊರತೆ ಇಲ್ಲ ಎಂದು ಅತ್ತಿಗೆಗೆ ಹೇಳಿ. ಒಂದು ಛತ್ರದ ಮಹಡಿಯಲ್ಲಿ ಕೋಣೆ ಹಿಡಿದಿದ್ದೇನೆ, ಒಬ್ಬನೇ. ಹಗಲು ಇಲ್ಲಿನ ಡಚ್ಚರ ಹೆರಿಂಗ್ ಮೀನಿನ ಅಂಗಳದಲ್ಲಿ ಕೆಲಸ. ಉಪ್ಪು ಹಾಕಿ ಮುಚ್ಚಿದ ಪೀಪಾಯಿಗಳ ಮೇಲೆ ಆ ದಿನದ ತಾರೀಕನ್ನು ಕಾದ ಕಬ್ಬಿಣದಿಂದ ಒತ್ತುವುದು. ಥರ್ಸ್‌ಬಿ ಮನೆತನದವನು ಮಾಡುವ ಕೆಲಸವಲ್ಲ, ಬೈಯಬೇಡಿ.

ಒಂದು ಹೆದರಿಕೆ ಇದೆ. ರಾಣಿಯವರಿಗೆ ಮೈ ಸರಿಯಿಲ್ಲ ಎಂದು ಇಲ್ಲಿ ಮೀನು ಹೆಕ್ಕುವ ಹೆಂಗಸರೂ ಮಾತಾಡುತ್ತಾರೆ. ನಾನು ಕಾಯುತ್ತಾ ಕೂತು ಅವರೇ ಹೋಗಿಬಿಟ್ಟರೆ ಕ್ಷಮೆಯ ಗತಿ ಏನು? ಬೇಗ ಬರಬೇಕೋ, ಹೊಸ ದೊರೆಗೆ ಕಾಯಬೇಕೋ? ನೀವು ನೋಡಿ ಹೇಳಿದರೆ ಧೈರ್ಯ.

ನಿಮ್ಮ ತಮ್ಮ,
ಜರ್ವಿಸ್


ಹೋಮ್‌ವಿಕ್
ಫೆಬ್ರವರಿ 17

ತಮ್ಮಾ,

ನಿನ್ನ ಪತ್ರ ನಿನ್ನೆ, ಹದಿನಾರಕ್ಕೆ, ಕೈ ಸೇರಿತು. ಮೇಲೆ ಇಪ್ಪತ್ತನೆಯ ತಾರೀಕು ಬರೆದಿದ್ದೀಯ! ಬರೆಯುವ ಮೊದಲೇ ಬಂದು ತಲುಪುವ ಪತ್ರವನ್ನು ನಾನು ಇದೇ ಮೊದಲು ನೋಡಿದ್ದು. ಊಟದ ಮೇಜಿನಲ್ಲಿ ಎಲ್ಲರಿಗೂ ತೋರಿಸಿ ನಕ್ಕೆವು. ಚಿಕ್ಕವನಿದ್ದಾಗ ಹನ್ನೆರಡರ ಮಗ್ಗಿಗೆ ನನ್ನಿಂದ ತಿಂದ ಏಟು ಸಾಲಲಿಲ್ಲ ನೋಡು.

ಈಗ ಕೇಳು. ನಿನ್ನ ಪತ್ರ ಬರುವ ಮೊದಲೇ ನಾಲ್ಕು ದಿನ ಕೂತು ಲೆಕ್ಕ ಹಾಕಿದ್ದೇನೆ. ಮಾರ್ಚ್ ಇಪ್ಪತ್ನಾಲ್ಕು, ಬೆಳಗ್ಗೆ ಎಂಟು ಗಂಟೆಗೆ ದೋಣಿ ಹತ್ತು. ಆ ಗಳಿಗೆಯಲ್ಲಿ ಗುರು ಬಲವಾಗಿದ್ದಾನೆ, ಶನಿಯ ದೃಷ್ಟಿ ನಿನ್ನ ಮೇಲಿಲ್ಲ. ಚಂದ್ರ ಕರಗುತ್ತಾ ಅರ್ಧಕ್ಕೆ ಬಂದಿರುತ್ತಾನೆ. ಎರಡು ದಿನದ ಪ್ರಯಾಣ. ಇಪ್ಪತ್ತಾರಕ್ಕೆ ದಡ. ಹಬ್ಬ ಕಳೆದು ಒಂದು ದಿನವಾಗಿರುತ್ತದೆ. ಒಂದು ಗಂಟೆ ಹಿಂದೆ ಮುಂದೆ ಮಾಡಬೇಡ.

ಇನ್ನೊಂದು ಮಾತನ್ನು ಹಾಳೆಯ ಕೆಳಗಡೆ ಬರೆಯುತ್ತಿದ್ದೇನೆ. ಉರ್ಸುಲಾ ಬೇಡವೇ ಬೇಡ ಎಂದಳು. "ರಾಣಿ ಆಯಸ್ಸು ಲೆಕ್ಕ ಹಾಕ್ದೋರ್ಗೆ ಗಲ್ಲು ಅಂತ ಕಾನೂನಿದೆ. ಗೊತ್ತಿದ್ದೂ ಬರೀತೀರಲ್ಲ!" ಎಂದಳು. ತಮ್ಮ ಹೆದರಿ ಕೂತಿರುವಾಗ ನನ್ನ ವಿದ್ಯೆ ಇನ್ನೆಂದಿಗೆ? ಇಗೋ ಕುಂಡಲಿ, ಬರೆದಿದ್ದೇನೆ. ಆ ದೀಪಕ್ಕೆ ಈ ವಸಂತ ದಾಟುವಷ್ಟು ಎಣ್ಣೆ ಇಲ್ಲ. ಹಾಗಾಗಿ ಕಾಯಬೇಡ, ನಾನು ಹೇಳಿದ ದಿನ ಹೊರಟು ಬಾ.

ಲ್ಯಾಂಬರ್ಟ್ ಥರ್ಸ್‌ಬಿ


ಯಾರ್ಮತ್ ಸೆರೆಯಿಂದ
ಮಾರ್ಚ್ 17 ಎನ್ನುತ್ತಾರೆ

ಅಣ್ಣನವರಿಗೆ,

ಜೈಲಿನವನ ಹೆಂಡತಿ ಕಾಗದ ಕೊಟ್ಟಿದ್ದಾಳೆ. ಕೈಕೋಳ ಹಾಕಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಮನ್ನಿಸಿ. ಮಣಿಕಟ್ಟು ಸುಲಿದು ರಕ್ತ ಬರುತ್ತಿದೆ.

ನಿನ್ನೆ ಮಧ್ಯಾಹ್ನ ದಡಕ್ಕೆ ಇಳಿದೆ. ಕಾವಲುಗಾರನ ಮುಂದೆ ಟೋಪಿ ತೆಗೆದು ನಾನೇ ಹೆಸರು ಹೇಳಿ, "ಹಬ್ಬ ನಿನ್ನೆ ಮುಗೀತಲ್ಲ, ಶರಣಾಗೋಕೆ ಬಂದಿದೀನಿ" ಎಂದೆ. ಅವನು ನನ್ನ ಮುಖ ನೋಡಿದ. "ಯಾವ್ ಹಬ್ಬನಯ್ಯಾ? ಇವತ್ತು ಹದಿನಾರು. ಕುಡಿದಿದೀಯಾ?" ಎಂದ. ನಾನು ನಕ್ಕೆ. ಅವನು ನಗಲಿಲ್ಲ.

ಅಣ್ಣ, ಸಮುದ್ರದಾಚೆ ನಡೆಯುವುದು ಪೋಪನ ಹೊಸ ಪಂಚಾಂಗ. ನಮ್ಮದಕ್ಕಿಂತ ಹತ್ತು ದಿನ ಮುಂದೆ. ನೀವು ಹೇಳಿದ ಇಪ್ಪತ್ನಾಲ್ಕು ಇಂಗ್ಲೆಂಡಿನದು. ನಾನು ಹತ್ತಿದ ಇಪ್ಪತ್ನಾಲ್ಕು ಮಿಡೆಲ್‌ಬರ್ಗಿನದು. ನನಗೂ ಈ ವ್ಯತ್ಯಾಸ ಗೊತ್ತಿತ್ತು. ಮೊದಲ ವರ್ಷ ಹಟ ಹಿಡಿದು ನಮ್ಮ ಊರಿನ ತಾರೀಕನ್ನೇ ಲೆಕ್ಕ ಇಡುತ್ತಿದ್ದೆ. ಯಾವಾಗ ಬಿಟ್ಟೆನೋ ತಿಳಿಯದು.

ತಿಳಿಯದು ಎಂದರೆ ಸುಳ್ಳಾಗುತ್ತದೆ. ನಾನು ಛತ್ರದಲ್ಲಿ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಮದುವೆಯಾದೆ. ಅವಳ ಹೆಸರು ನೀಲ್ಟ್ಯೆ, ಹೆರಿಂಗ್ ಅಂಗಳದ ಯಜಮಾನನ ಮಗಳು. ಈಗ ಏಳು ತಿಂಗಳ ಬಸುರಿ. ಮೀನಿನವರ ಮನೆ ಅಳಿಯನಾದೆ ಎಂದು ನಿಮಗೆ ಬರೆಯಲು ನಾಚಿಕೆಯಾಯಿತು. ಅವರ ಮನೆಯಲ್ಲಿ ಉಂಡು, ಅವರ ಹಬ್ಬ ಮಾಡಿ, ದಿನಾ ನೂರು ಪೀಪಾಯಿಗೆ ಅವರ ತಾರೀಕು ಒತ್ತಿ, ನಾನು ಬೇರೆ ಊರಿನವನು ಎನ್ನುವುದೇ ಮರೆತುಹೋಗಿತ್ತು. ಬಂದಿದ್ದೂ ಮಾವನ ದೋಣಿಯಲ್ಲಿ. ಸ್ಪೂನರ್ ಜೊತೆ ಬಂದಿದ್ದರೆ ಅವನಾದರೂ ಹೇಳುತ್ತಿದ್ದ.

ಹೊರಟ ದಿನ ಚಂದ್ರ ಹೆಚ್ಚುಕಡಿಮೆ ದುಂಡಗಿದ್ದ. ನೀವು ಅರ್ಧ ಎಂದು ಬರೆದಿದ್ದಿರಿ. ನೀಲ್ಟ್ಯೆ, "ನಿಮ್ಮಣ್ಣ ಹೇಳಿದ್ ಚಂದ್ರ ಇದಲ್ಲ ಕಣ್ರೀ, ಹೋಗ್ಬೇಡಿ" ಎಂದಳು. ನಾನು, "ನಮ್ಮಣ್ಣ ತಪ್ಪೋನಲ್ಲ, ನನ್ ಕಣ್ಣೇ ತಪ್ಪಿರ್ಬೇಕು" ಎಂದು ದೋಣಿ ಹತ್ತಿದೆ.

ಮಂಗಳವಾರ, ಇಪ್ಪತ್ತೆರಡಕ್ಕೆ, ಸರ್ ಹಂಫ್ರಿ ಬರುತ್ತಾನೆ. ಮೋಸ ಮಾಡಲು ಮೊದಲೇ ಬಂದದ್ದಲ್ಲ, ತಾರೀಕು ತಪ್ಪಿದ್ದು ಎಂದು ತೋರಿಸಿದರೆ ಬಿಡುವ ಅಧಿಕಾರ ಅವನಿಗಿದೆಯಂತೆ. ಬಾಯಿಮಾತು ನಡೆಯುವುದಿಲ್ಲ. ನನ್ನ ಹತ್ತಿರ ಇರುವ ಸಾಕ್ಷಿ ನಿಮ್ಮ ಪತ್ರ ಒಂದೇ. ಅಂಗಿಯ ಒಳಹೊಲಿಗೆಯಲ್ಲಿದೆ, ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಕೆಳಗಡೆ ಏನಿದೆ ಎಂದು ಇಬ್ಬರಿಗೂ ಗೊತ್ತು. ಏನು ಮಾಡಲಿ? ನೀವು ಬಂದು ಹೇಳಿ.

ಜರ್ವಿಸ್


ಹೋಮ್‌ವಿಕ್
ಮಾರ್ಚ್ 18

ಜರ್ವಿಸ್,

ಪತ್ರವನ್ನು ಸುಟ್ಟುಬಿಡು. ಇದನ್ನು ಓದಿದ ತಕ್ಷಣ. ಬೂದಿಯನ್ನೂ ಕಾಲಲ್ಲಿ ಉಜ್ಜು.

ಇದು ನಿನ್ನ ಒಳ್ಳೆಯದಕ್ಕೇ ಹೇಳುವುದು. ಅಂಥ ಕಾಗದ ನಿನ್ನ ಮೈಮೇಲೆ ಸಿಕ್ಕಿದರೆ ಒಂದು ಅಪರಾಧದ ಜೊತೆ ಇನ್ನೊಂದು ಸೇರುತ್ತದೆ. ಸರ್ ಹಂಫ್ರಿಗೆ ಬಾಯಲ್ಲೇ ವಿವರಿಸು. ನೀನು ಚಿಕ್ಕಂದಿನಿಂದ ಮಾತುಗಾರ. ಪ್ರಾಮಾಣಿಕ ಮುಖ ನಿನ್ನದು.

ನಾನು ಈಗ ಅಲ್ಲಿಗೆ ಬರುವುದು ಒಳ್ಳೆಯದಲ್ಲ. ನನ್ನ ಬರವಣಿಗೆ ಎಲ್ಡ್ರೆಡ್ ಕಡೆಯವರ ಕಣ್ಣಿಗೆ ಬಿದ್ದಿದೆ, ಅನುಮಾನ ಹೆಚ್ಚುತ್ತದೆ. ದಿನವೂ ಚೆನ್ನಾಗಿಲ್ಲ. ಒಂದು ಕಂಬಳಿ, ಅರ್ಧ ಚಕ್ರ ಗಿಣ್ಣು ಕಳಿಸಿದ್ದೇನೆ.

ಸುಟ್ಟೆ ಎಂದು ಒಂದು ಸಾಲು ಬರೆದು ಇದೇ ಆಳಿನ ಕೈಲಿ ಕಳಿಸು.

ಲ್ಯಾಂ.


ಯಾರ್ಮತ್
ಮಾರ್ಚ್ 19

ಸುಟ್ಟೆ.

ಒಂದು ಸಾಲು ಸಾಕು ಎಂದಿದ್ದೆ ನೀನು. ಇನ್ನೂ ನಾಲ್ಕು ಬರೆಯುತ್ತೇನೆ, ಸಹಿಸಿಕೋ. ನಿನ್ನ ಪತ್ರವನ್ನು ಮೂರು ಸಲ ಓದಿದೆ, ನನ್ನ ಮಣಿಕಟ್ಟಿನ ಬಗ್ಗೆ ಎಲ್ಲಾದರೂ ಇದೆಯೇ ಎಂದು. ನೀಲ್ಟ್ಯೆಯ ಹೆಸರಾದರೂ ಇದೆಯೇ ಎಂದು. ಇರಲಿಲ್ಲ. ಗಿಣ್ಣು ಚೆನ್ನಾಗಿತ್ತು.

ಜೈಲಿನವನು ನಿನ್ನ ಬಗ್ಗೆ ಕೇಳಿದ್ದಾನೆ. ಊರಿಗೆಲ್ಲ ನೀನು ಗೊತ್ತು. "ಏನಪ್ಪಾ, ನಿಮ್ಮಣ್ಣ ಬರಲ್ವಂತಾ? ನಕ್ಷತ್ರ ಒಪ್ಲಿಲ್ವಾ? ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಮುಸುರೆ ಬಾನಿಗೆ ಬಿತ್ತಂತೆ. ಇಲ್ಲಿ ಹಲ್ಲಿ ದಂಡೆ ಮೇಲೇ ಕೂತ್ಕೊಂಡು ತಮ್ಮನ್ನ ಬಾನಿಗೆ ತಳ್ತು" ಎಂದ. ನನಗೆ ಜಗಳವಾಡಬೇಕು ಅನಿಸಲಿಲ್ಲ.

ಮಂಗಳವಾರದ ನಂತರ ಮಿಡೆಲ್‌ಬರ್ಗಿಗೆ ಯಾರಾದರೂ ಬರೆಯಬೇಕಾಗುತ್ತದೆ. ಅಷ್ಟು ಮಾಡಿಸು.

ಜರ್ವಿಸ್


ಯಾರ್ಮತ್, ಬಂದರಿನ ಛತ್ರ
ಮಾರ್ಚ್ 21, ಸೋಮವಾರ ಸಂಜೆ

ಜರ್ವಿಸ್,

ನಿನ್ನ ಗೋಡೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲು ಹಾಕಿಯಾಗಿದೆ, ಬೆಳಗಿನವರೆಗೆ ಒಳಗೆ ಬಿಡುವುದಿಲ್ಲ ಎಂದರು. ಈ ಕಾಗದವನ್ನಾದರೂ ತಲುಪಿಸು ಎಂದು ಜೈಲಿನವನ ಕೈ ಬಿಸಿ ಮಾಡಿದ್ದೇನೆ.

ಮೊನ್ನೆ ನಿನ್ನ ಎರಡೂ ಪತ್ರಗಳನ್ನು ಉರ್ಸುಲಾ ನನ್ನ ಮುಂದಿಟ್ಟಳು. ಕೂಗಾಡಲಿಲ್ಲ. "ಅವ್ನು ಕೈಲಿ ರಕ್ತ ಬರ್ತಿದೆ ಅಂತ ಬರ್ದ. ನೀವು ಬೂದಿ ಉಜ್ಜು ಅಂತ ಬರೆದ್ರಿ. ಐನೂರು ಪುಟ ಬರ್ದಿದೀರಲ್ಲ, ಇದಕ್ಕೆ ಏನಂತಾರೆ ಅಂತ ಅದ್ರಲ್ಲಿ ಎಲ್ಲಾದ್ರೂ ಇದ್ಯಾ?" ಎಂದು ಕೇಳಿದಳು. ಹೆದರಿದ್ದೆ ತಮ್ಮಾ. ಅದಕ್ಕೆ ಬೇರೆ ಹೆಸರಿಲ್ಲ. ಕುತ್ತಿಗೆಗೆ ಹಗ್ಗ ಬಿದ್ದ ಹಾಗೆ ಆಗಿ, ಕೈ ತಾನಾಗಿ ಸುಡು ಎಂದು ಬರೆಯಿತು.

ಎರಡು ಪಂಚಾಂಗಗಳ ವಿಷಯ ನನ್ನ ಪುಸ್ತಕದ ಏಳನೆಯ ಅಧ್ಯಾಯ ಪೂರ್ತಿ ಇದೆ. ಹತ್ತು ದಿನದ ವ್ಯತ್ಯಾಸ ಗಮನಿಸದ ಅರೆಬೆಂದ ಜೋಯಿಸರನ್ನು ಅದರಲ್ಲಿ ಚೆನ್ನಾಗಿ ಗೇಲಿ ಮಾಡಿದ್ದೇನೆ. ನಿನ್ನ ಪತ್ರ ಬರೆಯುವ ಮೊದಲೇ ಬಂದು ಕೈ ಸೇರಿದಾಗ, ಇಂಗ್ಲೆಂಡಿನಲ್ಲಿ ಅದು ಯಾಕೆಂದು ಹೇಳಬಲ್ಲವರು ಹತ್ತು ಜನ ಇದ್ದರೆ ಅದರಲ್ಲಿ ನಾನೊಬ್ಬ. ನಾನು ಏನು ಮಾಡಿದೆ? ನಿನ್ನ ಮಗ್ಗಿ ನೆನೆದು ನಕ್ಕೆ. ದೀಪದ ಬುಡ ಕತ್ತಲೆ.

ನಾಳೆ ಏಳಕ್ಕೆ ಸರ್ ಹಂಫ್ರಿ ಕೂರುತ್ತಾನೆ. ನಿನ್ನನ್ನು ತರುವ ಮೊದಲೇ ನಾನು ನಿಂತು ಪ್ರಮಾಣ ಮಾಡುತ್ತೇನೆ. ಗಳಿಗೆ ಕೊಟ್ಟವನು ನಾನು, ಇಂಗ್ಲೆಂಡಿನ ಲೆಕ್ಕದಲ್ಲಿ ಕೊಟ್ಟೆ, ಪತ್ರ ಸುಡಿಸಿದವನೂ ನಾನೇ ಎಂದು. ಯಾಕೆ ಸುಡಿಸಿದೆ ಎಂದು ಅವನು ಕೇಳಿಯೇ ಕೇಳುತ್ತಾನೆ. ಬೈಬಲ್ ಮೇಲೆ ಕೈಯಿಟ್ಟು ಅರ್ಧ ಸತ್ಯ ಹೇಳಿದರೆ ಅವನು ಅರ್ಧವನ್ನೂ ನಂಬುವುದಿಲ್ಲ. ಹಾಗಾಗಿ ಕೆಳಗಡೆ ಬರೆದದ್ದನ್ನೂ ಹೇಳುತ್ತೇನೆ. ತನ್ನ ಕುತ್ತಿಗೆ ಕೊಟ್ಟು ಸುಳ್ಳು ಹೇಳುವವನು ಯಾರೂ ಇರುವುದಿಲ್ಲ, ನಂಬಲೇಬೇಕು.

ಬೇರೆ ದಾರಿ ಏನಾದರೂ ನಿನಗೆ ಹೊಳೆದಿದ್ದರೆ ಏಳರ ಒಳಗೆ ಇದೇ ಮನುಷ್ಯನ ಕೈಲಿ ಒಂದು ಮಾತು ಹೇಳಿ ಕಳಿಸು. ಕಾಯುತ್ತಿರುತ್ತೇನೆ.

ಅಣ್ಣ


ಹೋಮ್‌ವಿಕ್
ಮಾರ್ಚ್ 29

ಅಣ್ಣನಿಗೆ, ನಾರಿಚ್ ಕೋಟೆಯ ಸೆರೆಗೆ,

ಕಿಟಕಿಯ ಕೆಳಗೆ ಮಲಗಬೇಡ. ಎಲ್ಲ ಸೆರೆಗಳಲ್ಲೂ ಅಲ್ಲಿನ ಹುಲ್ಲು ತೇವವಾಗಿರುತ್ತದೆ. ಕೋಳದ ಕೆಳಗೆ ಸುತ್ತಿಕೊಳ್ಳಲು ಅತ್ತಿಗೆ ಹಳೆಯ ಬಟ್ಟೆಯನ್ನು ಹರಿದು ಕಳಿಸಿದ್ದಾಳೆ. ಬಿಗಿಯಾಗಿ ಸುತ್ತು, ಸಡಿಲವಾದರೆ ಉಜ್ಜುತ್ತದೆ.

ಒಂದು ವಾರದಿಂದ ಈ ಪತ್ರ ಶುರು ಮಾಡಿ ಹರಿಯುತ್ತಿದ್ದೇನೆ. ಹೇಳಿಬಿಡುತ್ತೇನೆ. ನಾನು ನಿನ್ನ ಪತ್ರವನ್ನು ಸುಟ್ಟಿರಲಿಲ್ಲ. ಹಾಳೆಯನ್ನು ಅಡ್ಡಕ್ಕೆ ಹರಿದು ಕೆಳಗಿನ ಅರ್ಧವನ್ನು ಮಾತ್ರ ಸುಟ್ಟಿದ್ದೆ. ತಾರೀಕು, ಗಳಿಗೆ, ಅರ್ಧ ಚಂದ್ರ ಎಲ್ಲ ಇದ್ದ ಮೇಲಿನ ಅರ್ಧ ಅಂಗಿಯಲ್ಲೇ ಇತ್ತು. ಮಂಗಳವಾರ ಅದನ್ನು ತೋರಿಸಿದ್ದರೆ ಸಾಕಿತ್ತು. ನಿನ್ನ ಹಸ್ತಾಕ್ಷರ ಸರ್ ಹಂಫ್ರಿಗೆ ಗೊತ್ತು. ಇಬ್ಬರೂ ಉಳಿಯುತ್ತಿದ್ದೆವು.

ಸುಟ್ಟೆ ಎಂದು ಬರೆದದ್ದು ಸಿಟ್ಟಿನಿಂದ. ನೀನು ಒಂದು ರಾತ್ರಿಯಾದರೂ ನಿದ್ದೆಗೆಡಲಿ ಎಂದು. ನೀನು ಬರುತ್ತೀಯ ಎಂದು ನಾನು ಅಂದುಕೊಂಡಿರಲೇ ಇಲ್ಲ.

ಸೋಮವಾರ ನೀನು ಬರೆದ ಪತ್ರವನ್ನು ಜೈಲಿನವನು ನಿನ್ನ ದುಡ್ಡಲ್ಲಿ ಕುಡಿದು ಜೇಬಿನಲ್ಲೇ ಇಟ್ಟುಕೊಂಡಿದ್ದ. ನನ್ನನ್ನು ಒಳಗೆ ತರುವ ಹೊತ್ತಿಗೆ ನೀನು ಎಲ್ಲ ಹೇಳಿ ಮುಗಿಸಿದ್ದೆ. ಸರ್ ಹಂಫ್ರಿ ಬೆವರು ಒರೆಸಿಕೊಳ್ಳುತ್ತಾ, "ಲ್ಯಾಂಬರ್ಟ್, ಕೊನೆ ಮಾತು ನನ್ ಕಿವಿಗೆ ಬಿದ್ದಿಲ್ಲ ಅಂದ್ಕೊಳ್ಲಾ?" ಎಂದು ಕೇಳಿದ. ನೀನು, "ಬಿದ್ದಿದೆ ಹಂಫ್ರಿ, ಬರ್ಕೋ" ಎಂದೆ. ನನಗೆ ಕೋಳ ಬಿಚ್ಚಿದ ಕಮ್ಮಾರನೇ ಅದನ್ನು ನಿನಗೆ ಹಾಕಿದ. ಅದು ಮುಗಿದ ಮೇಲೆ ಅಂಗಳದಲ್ಲಿ ಆ ಕುಡುಕ ನಿನ್ನ ಪತ್ರವನ್ನು ನನ್ನ ಕೈಗಿತ್ತ.

ಶನಿವಾರದಿಂದ ಊರೂರಲ್ಲೂ ಗಂಟೆ ಬಾರಿಸುತ್ತಿದ್ದಾರೆ, ನಿನಗೂ ಕೇಳಿಸಿರುತ್ತದೆ. ರಾಣಿ ತೀರಿಕೊಂಡರು. ಅದೂ ಇಪ್ಪತ್ನಾಲ್ಕರ ಬೆಳಗಿನ ಜಾವ. ನೀನು ಹೇಳಿದ್ದು ನಿಜವಾಯಿತು ಎಂದು ಜನ ಮನೆಯ ಬಾಗಿಲಿಗೆ ಕೋಳಿ, ಬೆಣ್ಣೆ ಹಿಡಿದುಕೊಂಡು ಬರುತ್ತಿದ್ದಾರೆ. ಯಾರ ಮಗಳಿಗೆ ಮದುವೆ ಯಾವಾಗ, ಯಾರ ಅಪ್ಪ ಯಾವಾಗ ಸಾಯುತ್ತಾನೆ ಎಂದು ಕೇಳುತ್ತಾರೆ. ಪಾದ್ರಿ ಎಲ್ಡ್ರೆಡ್ ಕೂಡ ಬೇಲಿಯಾಚೆ ಎರಡು ಸಲ ಅಡ್ಡಾಡಿದ. ಅಚ್ಚಿನವನು ಲಂಡನ್ನಿನಿಂದ ಹೇಳಿ ಕಳಿಸಿದ್ದಾನೆ. ಈ ಭವಿಷ್ಯವನ್ನು ಪುಸ್ತಕದ ಮೊದಲ ಪುಟದಲ್ಲೇ ಹಾಕೋಣ, ಬಿಸಿ ರೊಟ್ಟಿಯ ಹಾಗೆ ಹೋಗುತ್ತದೆ ಎಂದು.

ನನ್ನ ಸುಳ್ಳಿಗೆ ನೀನು ಅಲ್ಲಿದ್ದೀಯ. ಇಲ್ಲಿ ನಿನ್ನ ಕುರ್ಚಿಯಲ್ಲಿ ಕೂರಲು ನನ್ನಿಂದ ಆಗುತ್ತಿಲ್ಲ. ಏನಾದರೂ ಬರೆ. ಬೈದಾದರೂ ಬರೆ.

ಜರ್ವಿಸ್


ನಾರಿಚ್ ಕೋಟೆ
ಏಪ್ರಿಲ್ 2

ತಮ್ಮಾ,

ಬೈಯುತ್ತೇನೆ. ನಿನ್ನ ಪತ್ರ ಓದಿದಾಗ ನೀನು ಎದುರಿಗಿದ್ದಿದ್ದರೆ ಕೆನ್ನೆಗೆ ಎರಡು ಬಾರಿಸುತ್ತಿದ್ದೆ. ಹನ್ನೊಂದು ದಿನ ಈ ಹುಲ್ಲಿನ ಮೇಲೆ ಸಾವನ್ನು ಎಣಿಸಿದ್ದೇನೆ. ಅಂಗಿಯೊಳಗೆ ಅರ್ಧ ಹಾಳೆ ಇಟ್ಟುಕೊಂಡು ಅಣ್ಣನಿಗೆ ಸುಟ್ಟೆ ಎಂದು ಬರೆಯುತ್ತೀಯಾ? ಆ ಬುದ್ಧಿ ನಿನಗೆ ಎಲ್ಲಿಂದ ಬಂತು ಎಂದು ಯೋಚಿಸಿದೆ. ಮದುವೆಯಾದರೂ ಹೇಳಲಾಗದಂಥ ಅಣ್ಣ ನಾನು. ನನ್ನಿಂದಲೇ ಬಂತು.

ಇವತ್ತು ಬೆಳಗ್ಗೆ ಸರ್ ಹಂಫ್ರಿ ಬಂದಿದ್ದ. ಆ ಕಾನೂನು ಆ ರಾಣಿಯ ಜೀವಮಾನಕ್ಕೆ ಮಾತ್ರ ಮಾಡಿದ್ದಂತೆ. ಅವರ ಜೊತೆಗೇ ಅದೂ ಹೋಯಿತು ಎಂದು ವಕೀಲರು ಒಪ್ಪಿದ್ದಾರೆ. "ಯಾವ್ ಸಾವ್ನ ಮೊದ್ಲೇ ಹೇಳ್ದೆ ಅಂತ ಒಳಗ್ ಹಾಕಿದ್ವೋ, ಅದೇ ಸಾವು ನಿನ್ನ ಬಿಡಿಸ್ತಾ ಇದೆ. ನಿನ್ ಅದೃಷ್ಟ ನಿನ್ ವಿದ್ಯೆಗಿಂತ ದೊಡ್ದು ಕಣೋ" ಎಂದು ನಕ್ಕ. ಬುಧವಾರ ಕುದುರೆ ತೆಗೆದುಕೊಂಡು ಬಾ.

ಕೋಳಿಗಳನ್ನು ವಾಪಸು ಕೊಡು. ಅಚ್ಚಿನವನಿಗೆ ಇಲ್ಲ ಎಂದು ಬರೆ. ನಕ್ಷತ್ರಗಳ ಮೇಲೆ ನನಗೆ ಸಂಶಯವಿಲ್ಲ, ಎಲ್ಡ್ರೆಡ್‌ಗೆ ಬರೆದ ಐದು ನೂರು ಪುಟದಲ್ಲಿ ಒಂದು ಸಾಲನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಕಣ್ಣಲ್ಲಿ ಒಮ್ಮೆಯೂ ನೋಡದ ರಾಣಿಯ ಆಯಸ್ಸು ನನಗೆ ತಿಳಿಯಿತು. ತೊಡೆಯ ಮೇಲೆ ಬೆಳೆಸಿದ ತಮ್ಮ ಯಾರ ಮನೆಯಲ್ಲಿ ಉಣ್ಣುತ್ತಾನೆ, ಅವನ ಊರಲ್ಲಿ ಇವತ್ತು ಯಾವ ದಿನ ಎಂದು ತಿಳಿಯಲಿಲ್ಲ. ಏಳನೆಯ ಅಧ್ಯಾಯಕ್ಕೆ ಇದನ್ನು ಸೇರಿಸುತ್ತೇನೆ, ನನ್ನ ಹೆಸರು ಹಾಕಿಯೇ. ಎಲ್ಡ್ರೆಡ್ ಕುಣಿದಾಡಲಿ.

ನೀಲ್ಟ್ಯೆಗೆ ದಿನ ತುಂಬುತ್ತಾ ಬಂತು. ನೀನು ಗಲ್ಲಿಗೇರಿದೆಯೋ ಬದುಕಿದೆಯೋ ಎಂದು ಗೊತ್ತಿಲ್ಲದೆ ಆ ಹುಡುಗಿ ಕೂತಿರುತ್ತಾಳೆ. ನನ್ನನ್ನು ಮನೆ ಮುಟ್ಟಿಸಿ ನೀನು ಹೊರಡು. ಉರ್ಸುಲಾ ತೊಟ್ಟಿಲ ಬಟ್ಟೆ ಕಟ್ಟಿ ಕೊಡುತ್ತಾಳೆ. ಮೀನಿನವರ ಮನೆಯ ಅಳಿಯ ಎಂದು ನಾಚಬೇಡ, ಆ ಮನೆಗೆ ನನ್ನ ನಮಸ್ಕಾರ ಹೇಳು.

ಯಾವ ದಿನ ಹೊರಡಲಿ ಎಂದು ನನ್ನನ್ನು ಕೇಳಬೇಡ. ದೋಣಿಯವನನ್ನು ಕೇಳು. ಗಾಳಿ ನೋಡಿ ಹೇಳುತ್ತಾನೆ.

ಅಣ್ಣ